ಎಡ ಭುಜದ ಕಲೆ

ನಮ್ಮೂರಿನಲ್ಲಿ ಅಚ್ಚ ಬಿಳಿ ಬಟ್ಟೆ ಹಾಕಿಕೊಂಡು ಬೀದಿಗೆ ಬರುವವರು ಎರಡೇ ಬಗೆ. ಒಂದು ಕಂಕುಳ ಕೂಸುಗಳು, ಇನ್ನೊಂದು ಚುನಾವಣೆಗೆ ನಿಂತವರು. ಕೂಸುಗಳಿಗೆ ದುಃಖ ಇನ್ನೂ ಗೊತ್ತಿಲ್ಲ. ಚುನಾವಣೆಗೆ ನಿಂತವರು ಕಾರಿನಲ್ಲಿ ಅಂಗಿಗಳ ಗಂಟನ್ನೇ ಇಟ್ಟುಕೊಂಡು ಓಣಿಗೊಂದು ಬದಲಾಯಿಸುತ್ತಾರೆ. ಉಳಿದ ನಮ್ಮಂಥವರ ಬಟ್ಟೆಯ ಮೇಲೆ ಇವತ್ತಲ್ಲ ನಾಳೆ ಕಲೆ ಬಂದೇ ಬರುತ್ತದೆ. ಮನಸ್ಸಿಗೆ ಪೆಟ್ಟು ಬಿದ್ದರೆ ಸಾಕು, ಬೆವರು ಬಂದ ಹಾಗೆ ಅದು ಮೈಯಿಂದ ಬಟ್ಟೆಗೆ ಇಳಿಯುತ್ತದೆ. ಬಣ್ಣ ನೆನೆದ ಮಣ್ಣಿನದು. ಹೊಸದಿರುವಾಗ ಮುಟ್ಟಿದರೆ ತಣ್ಣಗೆ ಒದ್ದೆ. ಕರಿ ಬಟ್ಟೆ ಉಟ್ಟರೆ ಮುಚ್ಚಿಹೋಗುತ್ತದೆ ಅಂದುಕೊಳ್ಳಬೇಡಿ, ಅದರ ಮೇಲೆ ಇನ್ನೂ ಕರ್ರಗೆ ಕಾಣುತ್ತದೆ. ಸಣ್ಣಪುಟ್ಟ ದುಃಖ ಸೋಪು ಹಚ್ಚಿ ತಿಕ್ಕಿದರೆ ಹೋಗುತ್ತದೆ. ದೊಡ್ಡದು ಒಣಗಿ ಅಲ್ಲೇ ಕೂತುಬಿಡುತ್ತದೆ, ಯಾವ ಕಲ್ಲಿಗೆ ಬಡಿದರೂ ಜಗ್ಗುವುದಿಲ್ಲ.

ಒಬ್ಬೊಬ್ಬರಿಗೆ ಒಂದೊಂದು ಜಾಗ. ಕೆಲವರಿಗೆ ಎದೆಯ ಮೇಲೆ, ಕೆಲವರಿಗೆ ಮೊಣಕಾಲ ಹತ್ತಿರ, ನಮ್ಮ ಹಾಲಿನ ಕೇರಿಯ ಮಾಸ್ತರರಿಗೆ ಅಂಗಿಯ ಕಾಲರಿಗೆ. ಹುಟ್ಟಿನಿಂದ ಸಾಯುವ ತನಕ ಆ ಜಾಗ ಬದಲಾಗುವುದಿಲ್ಲ. ಇದಕ್ಕೆಲ್ಲ ನಾವು ಎಂದೋ ಹೊಂದಿಕೊಂಡಿದ್ದೇವೆ. ಒಗೆದ ಬಟ್ಟೆಯನ್ನು ಅಂಗಳದಲ್ಲಿ ಹರವುವ ಪದ್ಧತಿ ನಮ್ಮಲ್ಲಿಲ್ಲ, ಮನೆಯೊಳಗೇ ಒಣಗಿಸುತ್ತೇವೆ. ಹೆಣ್ಣು ನೋಡಲು ಹೋದವರು ಹುಡುಗಿಗಿಂತ ಹೆಚ್ಚಾಗಿ ಹುಡುಗಿಯ ತಾಯಿಯ ಸೀರೆಯನ್ನು ಕಳ್ಳಗಣ್ಣಿನಿಂದ ನೋಡುತ್ತಾರೆ. ಬಸ್ಸಿನಲ್ಲಿ ಪಕ್ಕದವರ ತೋಳು ಇದ್ದಕ್ಕಿದ್ದ ಹಾಗೆ ನೆನೆಯತೊಡಗಿದರೆ ಕಿಟಕಿಯ ಕಡೆ ಮುಖ ತಿರುಗಿಸುವುದು ಮರ್ಯಾದೆ. ಏನಾಯಿತು ಎಂದು ಕೇಳುವವನು ಹೊರಗಿನವನೇ ಇರಬೇಕು.

ನನ್ನ ಹೊಟ್ಟೆಪಾಡು ನಡೆಯುವುದು ಈ ಕಲೆಗಳಿಂದ. ನನ್ನ ಅತ್ತೆಯ ಕಾಲಕ್ಕೆ ಕಲೆಯ ಮೇಲೆ ಕಸೂತಿ ಹಾಕುತ್ತಿದ್ದರು. ಪಾಪ, ಕಣ್ಣು ಹಾಳು ಮಾಡಿಕೊಂಡು ಒಂದು ಮಲ್ಲಿಗೆ ಬಳ್ಳಿ ಮುಗಿಸುವಷ್ಟರಲ್ಲಿ ಕಲೆ ದಾರದೊಳಗಿಂದ ಇಣುಕುತ್ತಿತ್ತು. ನಾನು ವಿನೈಲ್ ತಂದೆ. ಬಣ್ಣದ ತೆಳು ಹಾಳೆ ಅದು, ಒಂದು ಬದಿಗೆ ಅಂಟು, ಇನ್ನೊಂದು ಬದಿಗೆ ಪಾರದರ್ಶಕ ಹಾಳೆ. ಕಟಿಂಗ್ ಮಷಿನ್ನಿಗೆ ಕೊಟ್ಟರೆ ಹೂವೋ ಹಕ್ಕಿಯೋ ಬೇಕಾದ ಆಕಾರಕ್ಕೆ ಕೊರೆಯುತ್ತದೆ. ಬೇಡವಾದ ಭಾಗವನ್ನು ಕೊಕ್ಕೆಸೂಜಿಯಿಂದ ಎಬ್ಬಿಸಿ ಕೀಳಬೇಕು, ಉಳಿದದ್ದನ್ನು ಬಟ್ಟೆಯ ಮೇಲಿಟ್ಟು ಹೀಟ್ ಪ್ರೆಸ್ಸಿನ ಕೆಳಗೆ ಒತ್ತಬೇಕು. ಬಿಸಿಗೆ ಅಂಟು ಕರಗಿ ಎಳೆಯೊಳಗೆ ಇಳಿಯುತ್ತದೆ. ಆರಿದ ಮೇಲೆ ಮೇಲಿನ ಪಾರದರ್ಶಕ ಹಾಳೆ ಸುಲಿದರೆ ಮುಗಿಯಿತು, ಕಲೆ ಇದ್ದಲ್ಲಿ ದಾಸವಾಳ. ಒಂದೇ ಕರಾರು, ಬಟ್ಟೆ ಒಣಗಿರಬೇಕು. ಹಸಿ ಕಲೆಯ ಮೇಲೆ ವಿನೈಲ್ ನಿಲ್ಲುವುದಿಲ್ಲ. ಒತ್ತಿದಾಗ ಕೂತಂತೆ ಕಂಡರೂ ಆಮೇಲೆ ಎದ್ದು ಬರುತ್ತದೆ. ಅದಕ್ಕೇ ಅಂಗಡಿಯ ಬಾಗಿಲಿಗೆ "ಒಣಗಿದ ನಂತರ ಬನ್ನಿ" ಎಂದು ದಪ್ಪ ಅಕ್ಷರದಲ್ಲಿ ಬರೆಸಿದ್ದೇನೆ. ಆದರೂ ಜನ ಹಸಿಹಸಿಯಾಗಿಯೇ ಓಡಿ ಬರುತ್ತಾರೆ. ಮುಚ್ಚಿಕೊಳ್ಳುವ ಅವಸರ ಅಂಥದು.

ಯಾರು ಯಾಕೆ ಬಂದರೆಂದು ನಾನು ಕೇಳುವುದಿಲ್ಲ. ಚಿತ್ರ ಯಾವುದು, ಬಣ್ಣ ಯಾವುದು, ಇಷ್ಟೇ ನನ್ನ ಮಾತು. ಹಾಗಂತ ನನಗೆ ಕಿವಿ ಕೇಳುವುದಿಲ್ಲ ಅಂತಲ್ಲ, ಪ್ರೆಸ್ ಬಿಸಿಯಾಗುವಷ್ಟರಲ್ಲಿ ಜನ ತಾವಾಗಿಯೇ ಅರ್ಧ ಹೇಳಿಬಿಡುತ್ತಾರೆ. ನನ್ನ ಸೀರೆಯ ಮೇಲೂ ಸೊಂಟದ ಹತ್ತಿರ ಒಂದು ವಿನೈಲ್ ಗಿಣಿ ಇದೆ. ಅದರ ಕೆಳಗೆ ಏನಿದೆ ಎಂದು ನೀವೂ ಕೇಳಬೇಡಿ.

ಇಷ್ಟೆಲ್ಲ ಮುಚ್ಚಿಕೊಳ್ಳುವ ಊರಿನಲ್ಲಿ ಕಲೆಯನ್ನು ಎಲ್ಲರೆದುರು ತೋರಿಸಲೇಬೇಕಾದ ದಿನ ಒಂದಿದೆ. ಅದಕ್ಕೆ ಬಿಳಿಬಟ್ಟೆ ಅನ್ನುತ್ತೇವೆ. ಮನೆಯಲ್ಲಿ ಯಾರಾದರೂ ತೀರಿಹೋದರೆ, ಮಣ್ಣು ಮಾಡಿ ಕೆಲವು ದಿನ ಕಳೆದ ಮೇಲೆ, ಮಕ್ಕಳು ಹೊಸ ಬಿಳಿ ಬಟ್ಟೆ ತೊಟ್ಟು ಪಡಸಾಲೆಯಲ್ಲಿ ಕೂರುತ್ತಾರೆ. ಸತ್ತವರ ಒಂದು ಸೀರೆಯನ್ನೋ ಧೋತರವನ್ನೋ ನಡುವೆ ಮಡಿಸಿಟ್ಟಿರುತ್ತಾರೆ. ಬಂಧುಬಳಗ, ಓಣಿಯವರು ಬಂದು ಸುತ್ತ ಕೂತು ಕಾಯುತ್ತಾರೆ. ಯಾರ ಬಟ್ಟೆ ನೆನೆಯಿತೋ ಅವರ ಕೈಗೆ ಹಿರಿಯರೊಬ್ಬರು ಸತ್ತವರ ಬಟ್ಟೆಯಿಂದ ಒಂದು ಪಟ್ಟಿ ಹರಿದು ಕಟ್ಟುತ್ತಾರೆ. ನೆನೆಯದವರಿಗೆ ಪಟ್ಟಿ ಇಲ್ಲ, 'ಒಣಬಟ್ಟೆ' ಅನ್ನುವ ಹೆಸರು ಮಾತ್ರ ಸಿಗುತ್ತದೆ. ನಮ್ಮ ಓಣಿಯ ಹಿಟ್ಟಿನ ಗಿರಣಿಯ ಈರಣ್ಣನಿಗೆ ತಂದೆ ಸತ್ತಾಗ ಬಟ್ಟೆ ನೆನೆಯಲಿಲ್ಲ. ಅವನ ತಲೆ ಪೂರ್ತಿ ಬೆಳ್ಳಗಾಗಿದೆ, ಇವತ್ತಿಗೂ ಹಿಟ್ಟು ಬೀಸಿಸಲು ಹೋಗುವ ಹೆಂಗಸರು ಒಣಬಟ್ಟೆ ಈರಣ್ಣನ ಗಿರಣಿ ಅಂತಲೇ ಹೇಳುವುದು.

ಮಹಾನಂದಾ ನನ್ನ ಅಂಗಡಿಗೆ ಬಂದದ್ದು ಅವಳ ತಾಯಿ ಕಲ್ಲವ್ವ ಸತ್ತ ಎರಡು ದಿನಕ್ಕೆ. ಗಂಡನನ್ನು ಬಿಟ್ಟು ಬಂದು ತಾಯಿಯ ಜೊತೆಗೇ ಇದ್ದವಳು ಅವಳು, ಶಾಲೆಯೊಂದರಲ್ಲಿ ಮಕ್ಕಳಿಗೆ ಅಡುಗೆ ಮಾಡುತ್ತಾಳೆ. ಕಲ್ಲವ್ವ ಸೊಂಟದ ಕೆಳಗೆ ಸ್ವಾಧೀನ ತಪ್ಪಿ ವರ್ಷಗಟ್ಟಲೆ ಹಾಸಿಗೆ ಹಿಡಿದಿದ್ದಳು. ಕಾಲು ಸೋತಿತ್ತೇ ಹೊರತು ಬಾಯಿ ಸೋತಿರಲಿಲ್ಲ. ಅವಳು ಮಗಳನ್ನು ಬೈಯುವುದು ನಮ್ಮ ಅಂಗಡಿಯ ತನಕ ಕೇಳಿಸುತ್ತಿತ್ತು. ಇದ್ದೊಬ್ಬ ಮಗ ಶಿವಪುತ್ರ ಊರಿನ ಆಚೆ ತುದಿಯಲ್ಲಿ ಹಂಚಿನ ವ್ಯಾಪಾರ ಮಾಡಿಕೊಂಡಿದ್ದಾನೆ. ಹಬ್ಬಕ್ಕೊಮ್ಮೆ ಬಾಳೆಹಣ್ಣಿನ ಚಿಪ್ಪು ಹಿಡಿದು ಬರುತ್ತಿದ್ದ. ಅವನು ಬಂದ ದಿನ ಮಾತ್ರ ಕಲ್ಲವ್ವನ ದನಿ ಬೆಣ್ಣೆಯಾಗುತ್ತಿತ್ತು.

ಮಹಾನಂದಾ ಬಾಗಿಲು ಮುಂದೆ ಮಾಡಿಕೊಂಡು ಒಳಗೆ ಬಂದು ನಿಂತಳು. ಒಂದು ಚೀಲದಲ್ಲಿ ಹೊಸ ಬಿಳಿ ಸೀರೆ ಇತ್ತು. ಒಣಗಿದ ನಂತರ ಬನ್ನಿ ಅನ್ನಲು ಬಾಯಿ ತೆರೆದೆ. ಆಮೇಲೆ ನೋಡಿದರೆ ಸೀರೆಯ ಮಡಿಕೆಯೇ ಬಿಚ್ಚಿರಲಿಲ್ಲ.

"ನೀಲಕ್ಕಾ, ಇದರ ಮ್ಯಾಲೆ ಒಂದು ಕಲೆ ಮಾಡಿ ಕೊಡ್ತೀರೇನ್ರಿ?" ಅಂದಳು.

"ಕಲೆ ಮುಚ್ಚೂದು ನನ್ನ ಕೆಲಸ ಬೇ. ಮಾಡೂದು ಹೆಂಗ?"

"ಮುಚ್ಚಾಕ ಏನೂ ಇಲ್ಲರಿ ನನ್ನ ಕಡೆ." ಅವಳು ತನ್ನ ಎಡ ಭುಜದ ಮೇಲೆ ಕೈ ಇಟ್ಟುಕೊಂಡಳು. "ಅಪ್ಪ ಹೋದಾಗ ಇಲ್ಲೇ ಬಂದಿತ್ತು, ಅಂಗೈ ಅಷ್ಟು. ಅವ್ವ ಹೋದ್ಲು, ನಾ ಕಣ್ಣಾರೆ ನೋಡಿದೆ, ಉಸುರು ನಿಂತಿದ್ದು ನನ್ನ ಕೈಯಾಗ. ಒಂದು ಹನಿ ಬರ್ಲಿಲ್ಲ. ಅವತ್ತು ಮಣ್ಣು ಮಾಡಿ ಬಂದ ಮ್ಯಾಲೆ ನಾ ಏನ್ ಮಾಡಿದೆ ಗೊತ್ತೈತೇನ್ರಿ? ಮಲಗಿದೆ. ಬೆಳಕು ಹರಿಯೂತನಕ ಒಂದ ನಿದ್ದಿ. ಎಷ್ಟು ವರ್ಷ ಆಗಿತ್ತು ಹಂಗ ಮಲಗಿ."

ನಾನು ಸ್ಟೂಲು ಎಳೆದು ಕೊಟ್ಟೆ. ಅವಳು ಕೂರಲಿಲ್ಲ.

"ನಾಡಿದ್ದು ಬಿಳಿಬಟ್ಟಿ. ಅಣ್ಣಗ ಈಗಿಂದನ ಬೆನ್ನ ಮ್ಯಾಲೆ ಸುರೀತೈತಿ, ಅಂಗಿ ಹಿಂಡಬೇಕು ಅಷ್ಟು. ನಾ ಒಬ್ಬಾಕಿ ಅಲ್ಲಿ ಬೆಳ್ಳಗ ಕೂತರ ಮಂದಿ ಏನಂತಾರ್ರಿ? ಒಣಬಟ್ಟಿ ಮಹಾನಂದಾ ಅಂತಾರ. ಶಾಲ್ಯಾಗ ಹುಡುಗರು ಅಂತಾರ. ಅನ್ಲಿ, ಮಂದಿ ಬಾಯಿ ನಾ ನೋಡದ್ದೇನಲ್ಲ. ಆದ್ರ..." ಅವಳು ಬಿಳಿ ಸೀರೆಯ ಪ್ಲಾಸ್ಟಿಕ್ ಕವರನ್ನು ಉಗುರಿನಿಂದ ಕೆರೆಯತೊಡಗಿದಳು. "ಆದ್ರ ಖರೇನ ನನಗ ಅವ್ವನ ಮ್ಯಾಲೆ ಪ್ರೀತಿ ಇರ್ಲಿಲ್ಲೇನಕ್ಕಾ?"

ಊರಿನ ಅರ್ಧ ದುಃಖ ನನ್ನ ಕೈಯಲ್ಲಿ ಹಾದುಹೋಗಿದೆ, ನಿಜ. ಆದರೆ ನಾನು ನೋಡಿದ್ದೆಲ್ಲ ಬಂದ ದುಃಖವನ್ನು. ಬಾರದ್ದು ಎಲ್ಲಿ ಹೋಗುತ್ತದೆ ಎಂದು ನನಗೇನು ಗೊತ್ತು. ಅವಳ ಮೇಲೆ ಕನಿಕರ ಹುಟ್ಟಿತು, ಅದರ ಹಿಂದೆಯೇ ಸಿಟ್ಟೂ ಬಂತು. ಇಂಥ ಕೆಲಸ ನನ್ನ ಅತ್ತೆಯೂ ಮಾಡಿರಲಿಲ್ಲ, ನಾನೂ ಮಾಡಿರಲಿಲ್ಲ. ಬಿಳಿಬಟ್ಟೆಯ ದಿನ ಕಳ್ಳ ಕಲೆ ತಂದು ಕೂರುವುದೆಂದರೆ ಹೆಣದ ಮುಂದೆ ಸುಳ್ಳು ಹೇಳಿದಂತೆ. ಸಿಕ್ಕಿಬಿದ್ದರೆ ಅವಳ ಜೊತೆ ನನ್ನ ಅಂಗಡಿಯೂ ಹೋಯಿತು. ಹಾಗಂತ ಹೇಳಿಯೂ ಬಿಟ್ಟೆ. ಅವಳು ತಲೆ ಆಡಿಸಿ, "ಆತ್ರಿ, ತಪ್ಪಾತು" ಎಂದು ಚೀಲ ಎತ್ತಿಕೊಂಡಳು. ವಾದ ಮಾಡಿದ್ದರೆ ನಾನು ಗಟ್ಟಿಯಾಗಿರುತ್ತಿದ್ದೆ. ತಪ್ಪಾತು ಅಂದಳಲ್ಲ, ಅದು ನನ್ನನ್ನು ಕೆಡಿಸಿತು. "ಸೀರಿ ಉಟ್ಟು ನಿಂದ್ರು, ಜಾಗ ಗುರುತು ಮಾಡ್ತೀನಿ" ಅಂದೆ.

ಒಳಗಿನ ಪರದೆಯ ಹಿಂದೆ ಸೀರೆ ಉಟ್ಟು ಬಂದಳು. ಸೆರಗು ಎಡ ಭುಜದ ಮೇಲೆ ಬರುವಲ್ಲಿ ಸೀಮೆಸುಣ್ಣದ ಗುರುತು ಹಾಕಿದೆ. ಇನ್ನು ಬಣ್ಣದ ತಾಪತ್ರಯ. ನನ್ನ ಅಂಗಡಿಯಲ್ಲಿ ಕೆಂಪಿದೆ, ಅರಿಶಿನವಿದೆ, ನವಿಲಿನ ನೀಲಿಯಿದೆ, ಹೊಳೆಯುವ ಬಂಗಾರದ್ದೂ ಇದೆ. ನೆನೆದ ಮಣ್ಣಿನ ಬಣ್ಣ ಯಾಕೆ ಇರುತ್ತದೆ? ಅದನ್ನು ಕಾಣದ ಹಾಗೆ ಮಾಡಲಿಕ್ಕೇ ಜನ ಬರುವುದು. ಕೊನೆಗೆ ಮರದ ಕಾಂಡಗಳಿಗೆಂದು ತರಿಸಿದ್ದ ಕಂದು ರೋಲು ಹುಡುಕಿ ತೆಗೆದೆ. ಹೊಳಪಿಲ್ಲದ್ದು, ಪುಣ್ಯಕ್ಕೆ.

ಆಕಾರ ಬರೆಯಲು ಕೂತಾಗ ನನ್ನ ಕೈಯ ಬಂಡವಾಳ ಬಯಲಾಯಿತು. ಕಲೆ ಬರೆಯುತ್ತೇನೆ, ಹೂವಾಗುತ್ತದೆ. ಅಳಿಸಿ ಬರೆದರೆ ಮಾವಿನಕಾಯಿ. ಮತ್ತೊಮ್ಮೆ ಬರೆದರೆ ಎಡಕ್ಕೂ ಬಲಕ್ಕೂ ಸರಿಸಮ ಎಸಳು ಬಂದು ಕೂತಿರುತ್ತದೆ. ದುಃಖ ಹೀಗೆ ಅಳೆದು ಬರುತ್ತದೆಯೇ! ವರ್ಷಾನುಗಟ್ಟಲೆ ಅಂದ ಮಾಡಿ ಮಾಡಿ ನನ್ನ ಬೆರಳುಗಳಿಗೆ ವಿಕಾರ ಮಾಡುವುದೇ ಮರೆತುಹೋಗಿತ್ತು. ಕಡೆಗೆ ಕಣ್ಣು ಮುಚ್ಚಿಕೊಂಡು ಒಂದು ಗೀಟು ಎಳೆದೆ, ಅದನ್ನೇ ಇಟ್ಟುಕೊಂಡೆ. ಅಂಟಿನ ಬದಿ ಕೆಳಗೆ ಹೋಗುವುದರಿಂದ ನಮ್ಮ ಕೆಲಸದಲ್ಲಿ ಎಲ್ಲವನ್ನೂ ಎಡಬಲ ತಿರುವಿ ಕೊರೆಯಬೇಕು, ಹಾಗೇ ಕೊರೆದೆ. ಸೀರೆಯನ್ನು ಮೊದಲು ಬರಿದೇ ಒತ್ತಿ ಇದ್ದಬದ್ದ ಪಸೆ ತೆಗೆದೆ. ಆಮೇಲೆ ಕಲೆಯನ್ನಿಟ್ಟು ಒತ್ತಿದೆ. ಆರಿದ ಮೇಲೆ ಸುಲಿದು ನೋಡಿದರೆ ದೂರದಿಂದ ನೋಡಿದವರು ಅಯ್ಯೋ ಪಾಪ ಅನ್ನಬೇಕು, ಹಾಗಿತ್ತು.

"ಅವತ್ತು ಮ್ಯಾಲೊಂದು ಟವೆಲ್ ಹೊದ್ದುಕೊಂಡು ಕೂಡು. ಅಣ್ಣಂದು ನೆನೀತಿದ್ದಂಗ ಸರಿಸು" ಎಂದು ಹೇಳಿಕೊಟ್ಟೆ. ಇಂಥ ಬುದ್ಧಿ ನನಗೆ ಎಲ್ಲಿತ್ತೋ!

ಬಿಳಿಬಟ್ಟೆಯ ದಿನ ಓಣಿಗೆ ಓಣಿಯೇ ಕಲ್ಲವ್ವನ ಪಡಸಾಲೆಯಲ್ಲಿತ್ತು. ನಾನು ಬಾಗಿಲ ಹತ್ತಿರ ಜಾಗ ಮಾಡಿಕೊಂಡು ಕೂತೆ, ಬೇಕಾದರೆ ಬೇಗ ಎದ್ದು ಹೋಗಬಹುದು ಅಂತ. ನಡುವೆ ಕಲ್ಲವ್ವನ ಹಸಿರು ಇಳಕಲ್ ಸೀರೆ ಮಡಿಸಿಟ್ಟಿತ್ತು. ಅದರ ಈಚೆಗೆ ಶಿವಪುತ್ರ, ಆಚೆಗೆ ಮಹಾನಂದಾ. ಸೀರೆಯನ್ನು ನೋಡುತ್ತಿದ್ದ ಹಾಗೆಯೇ ಶಿವಪುತ್ರನ ಬೆನ್ನು ನೆನೆಯಿತು, ಮೊರದಷ್ಟು ಅಗಲಕ್ಕೆ. ಹೆಂಗಸರು ಲೊಚಗುಟ್ಟಿದರು. ಹಬ್ಬಕ್ಕೊಮ್ಮೆ ಬರುತ್ತಿದ್ದವನಿಗೆ ಇಷ್ಟೊಂದೇ ಎಂದು ನನಗೂ ಒಂದು ಕ್ಷಣ ಕಹಿ ಅನ್ನಿಸಿತು. ಆದರೆ ಕಲೆ ಸುಳ್ಳು ಹೇಳುವುದಿಲ್ಲ, ಅವನ ದುಃಖ ಖರೆಯಾದದ್ದೇ. ಬಾರದೇ ಉಳಿದ ದಿನಗಳದೂ ಅದರಲ್ಲಿ ಸೇರಿತ್ತೋ ಏನೋ. ಮಹಾನಂದಾ ಟವೆಲ್ ಸರಿಸಿದಳು. ನನ್ನ ಕೆಲಸ ಎಲ್ಲರ ಕಣ್ಣಿಗೆ ಬಿತ್ತು. ಮತ್ತೆ ಲೊಚಗುಟ್ಟಿದರು. ನನ್ನ ಎದೆ ಹಗುರಾಯಿತು.

ಆಗ ಬಾಳವ್ವ ಎದ್ದಳು. ಬಾಳವ್ವ ಎಂದರೆ ಕಲ್ಲವ್ವನ ಅಕ್ಕ, ಈ ಮಕ್ಕಳಿಗೆ ದೊಡ್ಡವ್ವ. ಪಟ್ಟಿ ಕಟ್ಟುವವಳು ಅವಳೇ. ಈಗಿನ ಕಾಲದಲ್ಲಿ ಹಿರಿಯರು ಕೂತಲ್ಲಿಂದಲೇ ಕಣ್ಣಾಡಿಸಿ ಪಟ್ಟಿ ಕಟ್ಟಿ ಚಹಾ ಕುಡಿದು ಹೋಗುತ್ತಾರೆ. ಬಾಳವ್ವ ಹಾಗಲ್ಲ, ಹಳೆಯ ಶಾಸ್ತ್ರದವಳು. ಶಿವಪುತ್ರನ ಹಿಂದೆ ಹೋಗಿ ಅವನ ಬೆನ್ನಿನ ಮೇಲೆ ಅಂಗೈ ಇಟ್ಟು ಒತ್ತಿದಳು. ಅಂಗೈ ತಿರುಗಿಸಿ ಎಲ್ಲರಿಗೂ ತೋರಿಸಿದಳು. "ಒದ್ದಿ ಐತಿ" ಅಂದಳು.

ಮುಟ್ಟಿ ನೋಡುವ ಶಾಸ್ತ್ರ ನಾನು ಚಿಕ್ಕವಳಿದ್ದಾಗ ನೋಡಿದ್ದು, ಮರೆತೇಬಿಟ್ಟಿದ್ದೆ. ಬಣ್ಣಕ್ಕೆ ತಲೆ ಕೆಡಿಸಿಕೊಂಡೆ, ಆಕಾರಕ್ಕೆ ತಲೆ ಕೆಡಿಸಿಕೊಂಡೆ. ಒದ್ದೆಯ ವಿಚಾರ ತಲೆಗೇ ಬಂದಿರಲಿಲ್ಲ. ಬರುವುದಾದರೂ ಹೇಗೆ? ಒದ್ದೆ ಅಂದರೆ ನನಗೆ ಕೆಲಸ ಕೆಡಿಸುವ ವಸ್ತು. ನಾನೇ ಕೈಯಾರೆ ಸೀರೆಯ ಪಸೆ ತೆಗೆದು ಒಣಗಿಸಿ ಒತ್ತಿದ್ದೆ. ಮಹಾನಂದಾ ಒಂದೇ ಒಂದು ಸಲ ನನ್ನ ಕಡೆ ನೋಡಿದಳು. ಆ ನೋಟ ಈಗಲೂ ನನಗೆ ನೆನಪಿದೆ.

ಬಾಳವ್ವ ತನ್ನ ಸೊಸೆಯ ಕೈ ಹಿಡಿದುಕೊಂಡು ನಿಧಾನವಾಗಿ ಆಚೆ ಹೋದಳು. ಮಹಾನಂದಾಳ ಎಡ ಭುಜದ ಮೇಲೆ ಅಂಗೈ ಇಟ್ಟಳು. ಇಟ್ಟ ಕೈ ಹಾಗೇ ಇತ್ತು. ಒಣ ವಿನೈಲ್, ನುಣ್ಣಗೆ, ರಬ್ಬರಿನ ಹಾಗೆ. ಹಸುಗೂಸಿಗೂ ಗೊತ್ತಾಗುವಂಥದ್ದು. ಮುದುಕಿ ಬೆರಳು ಆಡಿಸಿ ಅಂಚನ್ನು ಮುಟ್ಟಿ ನೋಡಿದಳು. ಪಡಸಾಲೆಯಲ್ಲಿ ಯಾರೋ ಕೆಮ್ಮಿದರು.

"ಒದ್ದಿ ಐತಿ" ಅಂದಳು ಬಾಳವ್ವ. ಅಂಗೈಯನ್ನು ಮಾತ್ರ ತಿರುಗಿಸಿ ತೋರಿಸಲಿಲ್ಲ, ತನ್ನ ಸೀರೆಗೆ ಒರೆಸಿಕೊಂಡುಬಿಟ್ಟಳು. ಇಳಕಲ್ ಸೀರೆಯ ಅಂಚಿನಿಂದ ಪಟ್ಟಿ ಹರಿದು ಅಣ್ಣನ ಕೈಗೊಂದು, ತಂಗಿಯ ಕೈಗೊಂದು ಕಟ್ಟಿದಳು.

ಚಹಾದ ಗದ್ದಲದಲ್ಲಿ ನಾನು ಮೆಲ್ಲಗೆ ಚಪ್ಪಲಿ ಮೆಟ್ಟುತ್ತಿದ್ದೆ. ಹಿಂದಿನಿಂದ ಬಾಳವ್ವನ ಕೈ ನನ್ನ ರಟ್ಟೆ ಹಿಡಿಯಿತು. ಬಚ್ಚಲ ಕಡೆ ಕರೆದುಕೊಂಡು ಹೋದಳು, ಕೈ ತೊಳೆಯುವ ನೆಪದಲ್ಲಿ.

"ಅಂಚು ಅಷ್ಟು ನುಣ್ಣಗ ಇರೂದಿಲ್ಲ ಬೇ ದುಃಖದ್ದು. ನಿನ್ನ ಕೈ ಹೂವಿನ ಕೈ" ಅಂದಳು.

ನಾನು ನೆಲ ನೋಡಿಕೊಂಡು ನಿಂತೆ. "ತಪ್ಪಾತ್ರಿ ದೊಡ್ಡವ್ವಾ" ಅಂದೆ.

"ತಪ್ಪು ಒಪ್ಪು ನೀ ಏನ್ ಹೇಳ್ತಿ ನನಗ. ಸತ್ತ ಮ್ಯಾಲೆ ಕಲ್ಲವ್ವನ ಮೈ ತೊಳೆದಾಕಿ ನಾ. ವರ್ಷಗಟ್ಟಲೆ ಹಾಸಿಗ್ಯಾಗ ಇದ್ದ ಮೈ ಅದು. ಬೆನ್ನಿಗೆ ಒಂದ ಒಂದು ಹುಣ್ಣು ಇರ್ಲಿಲ್ಲ. ಕೆಂಪಗ ಸೈತ ಆಗಿರ್ಲಿಲ್ಲ. ಎಳೆಗೂಸಿನ ಮೈ ಇದ್ದಂಗಿತ್ತು." ಅವಳು ತಂಬಿಗೆಯ ನೀರು ಕೈಗೆ ಸುರಿದುಕೊಂಡಳು. "ನನ್ನ ಕೈಗೆ ಆವಾಗ ಗೊತ್ತಾಗೇತಿ ಆಕಿ ಎಂಥ ಮಗಳು ಅಂತ. ಈ ಮಂದಿಗೆ ಒದ್ದಿ ಬೇಕು, ನಾ ಒದ್ದಿ ಅಂತ ಹೇಳಿದೆ."

ಆ ಮಾತು ಕೇಳಿ ನನ್ನ ಕಣ್ಣಲ್ಲಿ ನೀರು ಬಂತು ಎಂದು ಹೇಳಲು ನನಗೇನೂ ನಾಚಿಕೆಯಿಲ್ಲ. ಮನೆಗೆ ಬಂದು ನೋಡಿದರೆ ಗಿಣಿಯ ಸುತ್ತ ಕೂಡ ಒಂದಿಷ್ಟು ನೆನೆದಿತ್ತು. ಅದು ಸೋಪಿಗೆ ಹೋಯಿತು.

ಇದನ್ನು ಮಹಾನಂದಾಳಿಗೆ ಹೇಳಲೇಬೇಕು ಅನ್ನಿಸಿತು. ಮರುದಿನ ಅವಳು ಶಾಲೆಯಿಂದ ಬರುವ ದಾರಿಯಲ್ಲಿ ಹಿಡಿದು ನಿಲ್ಲಿಸಿ, ಬಾಳವ್ವನ ಮಾತನ್ನು ಒಂದಕ್ಷರ ಬಿಡದೆ ಒಪ್ಪಿಸಿದೆ. ಅವಳ ಮುಖ ಅರಳುತ್ತದೆ ಅಂದುಕೊಂಡಿದ್ದೆ. ಅವಳು ಎಲ್ಲ ಕೇಳಿಸಿಕೊಂಡು, ಕೈಗೆ ಕಟ್ಟಿದ್ದ ಹಸಿರು ಪಟ್ಟಿಯನ್ನು ತಿರುವುತ್ತ ನಿಂತಳು.

"ಹುಣ್ಣು ಆಗಬಾರದು ಅಂತ ಹೊತ್ತೊತ್ತಿಗೆ ಮಗ್ಗಲ ಹೊಳ್ಳಿಸ್ತಿದ್ದೆ, ಪೌಡರ್ ಹಾಕ್ತಿದ್ದೆ. ಅದು ಕೆಲಸರಿ ಅಕ್ಕಾ. ಶಾಲ್ಯಾಗ ಅನ್ನಾ ಮಾಡ್ತೀನಲ್ಲ, ತಳಾ ಹತ್ತಬಾರದು ಅಂತ ಸೌಟು ಆಡಿಸ್ತೀನಿ. ಹಂಗ ಅಂದ್ರ ಅಕ್ಕಿ ಮ್ಯಾಲೆ ಪ್ರೀತಿ ಅಂತೇನು?"

"ಹಂಗ್ಯಾಕ ಮಾತಾಡ್ತಿ?"

"ಮತ್ತ ಹೆಂಗ ಮಾತಾಡ್ಲಿ? ಮಂದಿ ಈಗ ನನ್ನ ಪಟ್ಟಿ ನೋಡಿ ಎಷ್ಟು ಮರ್ಯಾದಿ ಕೊಡ್ತಾರ ಗೊತ್ತೈತೇನ್ರಿ? ಬಸ್ಸಿನ್ಯಾಗ ಸೀಟು ಬಿಡ್ತಾರ. ನನಗ ಆ ಸೀಟಿನ್ಯಾಗ ಕೂಡಾಕ ಆಗಂಗಿಲ್ಲ." ಇಷ್ಟು ಹೇಳಿ ಹೊರಟುಹೋದಳು.

ಬರೀ ಒಣಬಟ್ಟೆ ಅನ್ನಿಸಿಕೊಂಡಿದ್ದರೆ ಊರಿನ ಮೇಲೆ ಸಿಟ್ಟು ಮಾಡಿಕೊಂಡಾದರೂ ಬದುಕುತ್ತಿದ್ದಳು. ಈಗ ಆ ದಾರಿಯೂ ಇಲ್ಲ. ನಾನು ಉಪಕಾರ ಮಾಡಲು ಹೋಗಿ ಅವಳನ್ನು ಇನ್ನೂ ಬಿಗಿಯಾಗಿ ಕಟ್ಟಿಹಾಕಿದೆನಲ್ಲ ಎಂದು ಎಷ್ಟೋ ದಿನ ಕೊರಗಿದೆ. ಬಿಳಿಬಟ್ಟೆ ಮುಗಿದವರು ಸಾಮಾನ್ಯವಾಗಿ ಕಲೆ ಒಣಗಿದ ಮೇಲೆ ಆ ಬಟ್ಟೆಯನ್ನು ನನ್ನ ಹತ್ತಿರ ತಂದು ಚಿತ್ರ ಹಾಕಿಸಿಕೊಳ್ಳುತ್ತಾರೆ. ಶಿವಪುತ್ರ ತಂದ, ಬೆನ್ನ ತುಂಬ ಸೂರ್ಯನನ್ನು ಹಾಕಿಸಿಕೊಂಡ. ಮಹಾನಂದಾ ಬರಲಿಲ್ಲ. ಅಂಗಡಿಯ ಮುಂದೆ ಹಾದುಹೋಗುವಾಗ ನಕ್ಕು ತಲೆ ಆಡಿಸುತ್ತಿದ್ದಳು, ಅಷ್ಟೇ. ಮಳೆ ಹೋಗಿ ಚಳಿ ಬಂತು.

ಒಂದು ಬೆಳಿಗ್ಗೆ ನಾನು ಪ್ರೆಸ್ ಬಿಸಿಗಿಟ್ಟು ಯಾರದೋ ಜಂಪರಿಗೆಂದು ಕೊರೆದ ವಿನೈಲ್ ಸೇವಂತಿಗೆಯ ಬೇಡದ ಭಾಗ ಕೀಳುತ್ತ ಕೂತಿದ್ದೆ. ಮಹಾನಂದಾ ದಡದಡ ಬಂದಳು. ಮೈಮೇಲೆ ಅದೇ ಬಿಳಿ ಸೀರೆ, ಅದರ ಮೇಲೆ ಶಾಲು. ಮುಖ ಸಿಟ್ಟಿನಿಂದ ಕೆಂಪಾಗಿತ್ತು.

"ಎಂಥಾ ಪ್ರೆಸ್ ಮಾಡೀರಿ ನೀಲಕ್ಕಾ? ಎದ್ದು ಬಂದೈತಿ ನೋಡ್ರಿ!"

ನನಗೆ ಕೆಂಡ ಮುಟ್ಟಿದ ಹಾಗಾಯಿತು. ಏನು ಬೇಕಾದರೂ ಅನ್ನಿ, ನನ್ನ ಪ್ರೆಸ್ ಎದ್ದು ಬರುತ್ತದೆ ಅಂದರೆ ನಾನು ಸಹಿಸುವವಳಲ್ಲ. "ನನ್ನ ಕೈಲೆ ಒತ್ತಿದ್ದು ಇವತ್ತಿನ ತನಕ ಒಂದೂ ಎದ್ದಿಲ್ಲ. ಬಿಸಿನೀರಾಗ ನೆನೆ ಇಟ್ಟಿಯೇನ?"

"ಒಗದ ಇಲ್ರಿ! ಗಟ್ಟಿ ಸೀರಿ, ಚೆಲ್ಲಾಕ ಮನಸಾಗ್ಲಿಲ್ಲ, ಇಟ್ಟುಬಿಟ್ಟಿದ್ದೆ. ಇವತ್ತು ಶಾಲಿ ಸೂಟಿ, ಮನ್ಯಾಗ ಉಟ್ಟರಾತು ಅಂತ ತಗದೆ. ಮುಂಜಾನಿಂದ ಎಲ್ಲಾ ಹಿಂಗ ಆಗಾಕ ಹತ್ತೇತಿ. ಹಾಲು ಬ್ಯಾರೆ ಉಕ್ಕಿ ಒಲಿ ತುಂಬ ಹರೀತು."

"ಹಾಲು ಉಕ್ಕಿದ್ದೂ ನನ್ನ ಪ್ರೆಸ್ಸಿನ ತಪ್ಪೇನ?"

"ಇಲ್ರಿ, ನಂದ ತಪ್ಪು. ಮುಂದ ನಿಂತಿದ್ದೆ, ನೋಡಾಕತ್ತಿದ್ದೆ. ಉಕ್ಕಿ ಬಂತು. ಅವ್ವ ಇದ್ರ ಮಂಚದ ಮ್ಯಾಲಿಂದ ಒದರ್ತಿದ್ಲು, ಹಾಲು ಉಕ್ಕಾಕತ್ತೇತಿ, ಕಣ್ಣಿಲ್ಲೇನ ಕುಡ್ಡೀ, ಎಲ್ಲಿ ಸತ್ತಿ ಅಂತ. ವಾಸನಿಗೇ ಗೊತ್ತಾಗ್ತಿತ್ತು ಆಕಿಗೆ. ಓಡಿ ಬಂದು ಒಲಿ ಆರ್ಸಬೇಕು ನಾ. ದಿನಾ ಹಂಗ. ಇವತ್ತು ಒದರ್ತಾಳ, ಒದರ್ತಾಳ ಅಂತ ನಿಂತೇ ಇದ್ದೆ ನೋಡ್ರಿ ಹುಚ್ಚಿಗತೆ. ಪಾತೇಲಿ ಖಾಲಿ ಆತು. ಯಾರೂ ಒದರ್ಲಿಲ್ಲ." ಅವಳು ಶಾಲು ಕಿತ್ತು ಸ್ಟೂಲಿನ ಮೇಲೆ ಎಸೆದಳು. "ಅದೆಲ್ಲಾ ಇರ್ಲಿ. ಇದನ್ನ ನೋಡ್ರಿ ಮೊದಲ."

ಭುಜದ ಮೇಲೆ ನನ್ನ ಕಂದು ವಿನೈಲ್ ಅರ್ಧ ಎದ್ದು ಸುರುಳಿಯಾಗಿತ್ತು. ಯಾವ ಮೂಲೆಯಿಂದ ಬಿಟ್ಟಿತೆಂದು ನೋಡಲು ಬೆರಳು ಹಾಕಿದೆ. ಬೆರಳಿಗೆ ತಣ್ಣಗೆ ಹತ್ತಿತು. ನಾನು ಮೆಲ್ಲಗೆ ಎಳೆದೆ. ಬೆಂದ ಬಟಾಟೆಯ ಸಿಪ್ಪೆಯ ಹಾಗೆ ಇಡೀ ತುಂಡು ಕೈಗೆ ಬಂತು. ಅದರ ಕೆಳಗೆ ಇನ್ನೊಂದು ಕಲೆ ಇತ್ತು. ನಾನು ಕೊರೆದದ್ದಕ್ಕಿಂತ ದೊಡ್ಡದು, ಅಂಕುಡೊಂಕು, ಎಸಳಿಲ್ಲ ಗಿಸಳಿಲ್ಲ. ನಾನು ನೋಡುತ್ತಿದ್ದ ಹಾಗೇ ಅದು ತೋಳಿನ ಕಡೆ ಇಳಿಯುತ್ತಿತ್ತು. ಅವಳ ಮುಖ ಆ ಕಡೆ ಇತ್ತು, ಇನ್ನೂ ಬೈಯುತ್ತಲೇ ಇದ್ದಳು. ಒಳ್ಳೆ ಅಂಟು ತರಿಸಬಾರದೇ, ಇಷ್ಟು ದಿನಕ್ಕೇ ಬಿಟ್ಟರೆ ಹೆಂಗೆ ಅಂತ.

ನಾನು ಅವಳ ಬಲಗೈಯನ್ನು ಹಿಡಿದು ಅವಳ ಭುಜದ ಮೇಲೆ ಇಟ್ಟೆ.

ಮಹಾನಂದಾ ಕೈ ತೆಗೆದು ಅಂಗೈ ನೋಡಿಕೊಂಡಳು. ಮತ್ತೆ ಭುಜ ಮುಟ್ಟಿದಳು, ಮತ್ತೆ ಅಂಗೈ ನೋಡಿಕೊಂಡಳು. ನನ್ನ ಕೈಯಲ್ಲಿದ್ದ ವಿನೈಲ್ ತುಂಡನ್ನು ನೋಡಿದಳು. ಅವಳಿಗೆ ಅರ್ಥವಾಗುವುದು ನನಗೆ ಕಣ್ಣಿಗೆ ಕಾಣುತ್ತಿತ್ತು.

"ಎಲ್ಲಾದಕ್ಕೂ ನಿಂದು ತಡಾ, ಎಲ್ಲಾದಕ್ಕೂ ತಡಾ ಅಂತ ಬೈತಿದ್ಲು ಅವ್ವ" ಅಂದಳು. ನಗಲು ಹೋದಳು, ಆಗಲಿಲ್ಲ. "ಖರೇನ ಹೇಳ್ತಿದ್ಲು ನೋಡ್ರಿ ಅಕ್ಕಾ ಮುದುಕಿ."

ಹಾಗಂದವಳು ನನ್ನ ಕಟಿಂಗ್ ಟೇಬಲ್ಲಿನ ಮೇಲೆ, ಅರ್ಧ ಕಿತ್ತ ಸೇವಂತಿಗೆಗಳ ನಡುವೆ ತಲೆ ಇಟ್ಟು ಅಳತೊಡಗಿದಳು. ನಾನು ಪ್ರೆಸ್ಸಿನ ಸ್ವಿಚ್ ಆರಿಸಿ ಅವಳ ಪಕ್ಕ ಕೂತೆ. ಬಾಗಿಲಲ್ಲಿ ಬಟ್ಟೆ ಹಿಡಿದು ಬಂದವರನ್ನು ಮಧ್ಯಾಹ್ನದ ಮೇಲೆ ಬನ್ನಿ ಎಂದು ಕೈಸನ್ನೆಯಲ್ಲೇ ಕಳಿಸಿದೆ.